ಹೊಳೆಯ ಐಬು ಬರೆಯದ ಪುಸ್ತಿಕೆ

ಹಳ್ಳಿ ಪ್ರವಾಸ ಯೋಜನೆಯ ಅಧಿಕಾರಿಗಳಿಗೆ,

ಮಾನ್ಯರೇ,

ಮಧ್ಯಾಹ್ನ ಕುರಿ ಕಾಯುತ್ತ ಕಣ್ಣು ಮುಚ್ಚಿದರೂ ಅದೇ ಕನಸು: ಹೊಳೆಯ ದಂಡೆಯಲ್ಲಿ ಎರಡು ಜೊತೆ ಸಣ್ಣ ಚಪ್ಪಲಿ, ನೀರು ಸುಮ್ಮನಿದೆ. ಇದಕ್ಕೆ ನಿಮ್ಮ ಪುಸ್ತಿಕೆಯೇ ಕಾರಣ. ಸತ್ತಿ ಊರಿನ ಹತ್ತಿರದ ನಮ್ಮ ಮನೆಯಲ್ಲಿ ಪ್ರವಾಸಿಗರಿಗೆಂದು ಬಿಟ್ಟ ಕೋಣೆಯನ್ನು ಹೊಗಳಿ, ಕೆಳಗೆ ‘ಮಕ್ಕಳೊಂದಿಗೆ ಕೃಷ್ಣೆಯಲ್ಲಿ ಈಜಿ’ ಎಂದು ಅಚ್ಚು ಹಾಕಿಸಿದ್ದೀರಿ. ಹೋದ ವರ್ಷ ಅದೇ ನೀರಿನಿಂದ ಮೊಸಳೆ ಎದ್ದು ಬಂದು ನನ್ನ ಕುರಿಯನ್ನು ಎಳೆದೊಯ್ದಿತ್ತು.

ತಪ್ಪಿನಲ್ಲಿ ನನ್ನ ಪಾಲೂ ಇದೆ. ನಿಮ್ಮವರು ಬಂದು “ಇಲ್ಲಿ ಈಜುತ್ತಾರಾ?” ಎಂದಾಗ ನಾನು “ಈಜತಾವ್ರಿ” ಅಂದೆ. ಎಮ್ಮೆಗಳಿಗೆ ಅಂದದ್ದು. ಅವರು ಮನುಷ್ಯರಿಗೆ ಬರೆದುಕೊಂಡರು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಅಷ್ಟು ಓದಿದವರಿಗೆ ಎಮ್ಮೆಗೂ ಮಕ್ಕಳಿಗೂ ಇರುವ ವ್ಯತ್ಯಾಸ ಹೇಳಿಕೊಡಬೇಕೆಂದು ನನಗೇನು ಗೊತ್ತು? ನಾನು ಮೊಸಳೆಯ ಮಾತು ಎತ್ತಿದರೆ, ಅದನ್ನು ಬರೆಯಲು ಜಾಗವಿಲ್ಲ, ಫಾರ್ಮಿನಲ್ಲಿ ‘ವಿಶೇಷತೆ’ ಎಂಬ ಕಾಲಂ ಮಾತ್ರ ಇದೆ ಎಂದರು. ಹೇಳೋಣವೆಂದು ಮೂರು ಸಲ ನಿಮ್ಮ ಕಚೇರಿಗೆ ಬಂದೆ. “ಸಾಹೇಬ್ರು ಪ್ರಚಾರಕ್ಕ ಹೋಗ್ಯಾರ” ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಆಡಿನ ವ್ಯಾಪಾರಿ ಮೀರಾಸಾಬ ಕಾಕಾರ ಜೊತೆ ಅಥಣಿ ಸಂತೆಗೆ ಹೋಗುವವನು ನಾನು. ಒಮ್ಮೆ ಗಿರಾಕಿ ಆಡನ್ನು ಒಪ್ಪಿ ಹಗ್ಗ ಹಿಡಿದಾಗ ಕಾಕಾ ತಾವಾಗಿಯೇ, “ತಡೀರಿ, ಇದಕ್ಕೊಂದು ಐಬ ಐತಿ. ಒಂದ ಮೊಲಿ ಬತ್ತೈತಿ” ಎಂದರು.

“ಅಂವಗೇನ ತಿಳೀತಿರಲಿಲ್ಲ ಬಿಡ್ರಿ ಕಾಕಾ” ಎಂದು ನಾನು ಗೊಣಗಿದೆ.

“ಅಂವಗ ತಿಳೀಲಿಲ್ಲಂದ್ರೂ ಆಡಿಗಿ ತಿಳದೈತಿ, ಅಲ್ಲಾಗ ತಿಳದೈತಿ. ಐಬ ಮುಚ್ಚಿ ಮಾರಬಾರದಂತ ನಮ್ಮ ಧರ್ಮದಾಗ ಐತಿ, ಮಾಳು. ಮುಚ್ಚಿದ್ರ ಗಳಿಸಿದ್ದರಾಗ ಬರಕತ್ತ ಇರೂದಿಲ್ಲ.”

ಅವರಿಗೆ ನಿಮ್ಮ ಪುಸ್ತಿಕೆ ಓದಿ ಹೇಳಿದೆ. ಪೂರ್ತಿ ಕೇಳಿ, “ಛಲೋ ಬರದಾರ. ಹೊಳಿ ಐಬ ಯಾವ ಪುಟದಾಗ ಐತಿ?” ಎಂದರು. ಆಡು ಕೊಳ್ಳುವವನಿಗೆ ಸಿಗುವ ಸತ್ಯ, ಮಕ್ಕಳನ್ನು ಕರೆತರುವವರಿಗೆ ಸಿಗಬಾರದೇ?

ಈ ರವಿವಾರ ಕೊಲ್ಲಾಪುರದಿಂದ ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ಬರುತ್ತಿದ್ದಾರೆ. ಫೋನಿನಲ್ಲಿ ಮೊಸಳೆ ಇದೆ ಎಂದೆ. ನಕ್ಕರು. “ಸರಕಾರಿ ಪುಸ್ತಕಾತ ಲಿಹಿಲಂಯ ನಾ, ದಾದಾ!” ಸರಕಾರಿ ಪುಸ್ತಕದಲ್ಲೇ ಬರೆದಿದೆಯಲ್ಲ ಎಂದು. ನನ್ನ ಮಾತಿಗಿಂತ ನಿಮ್ಮ ಅಚ್ಚು ದೊಡ್ಡದಾಯಿತು. ದಂಡೆಯ ಮೇಲೆ ಕೋಲು ಹಿಡಿದು ನಾನೊಬ್ಬನೇ ಎಷ್ಟು ಹೊತ್ತು ನಿಲ್ಲಲಿ?

ರವಿವಾರದೊಳಗೆ ಆ ಸಾಲು ತೆಗೆಸಿ. ಆ ತಾಯಿಗೆ ನಿಮ್ಮ ಕಚೇರಿಯಿಂದಲೇ ಫೋನ್ ಮಾಡಿಸಿ. ಫಾರ್ಮಿನಲ್ಲಿ ‘ಐಬು’ ಎಂಬ ಕಾಲಂ ಸೇರಿಸಿ. ನಮ್ಮ ಕೋಣೆ ಖಾಲಿ ಬಿದ್ದರೂ ನಡೆಯುತ್ತದೆ.

ಇಂತಿ,
ಅತಿಥಿಗಳು ಬಾರದಿರಲಿ ಎಂದು ಹರಕೆ ಹೊತ್ತ ಮನೆಯವನು,
ಮಾಳು

ತಾ.ಕ.: ನಾಲ್ಕನೇ ಪುಟದ ಫೋಟೊ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ನಗುತ್ತ ನಿಂತ ನಿಮ್ಮ ಸಿಬ್ಬಂದಿಯ ಹಿಂದೆ, ಕೆಸರಿನ ಮೇಲೆ ಬಿದ್ದಿರುವುದು ಕಟ್ಟಿಗೆಯೋ ಅಲ್ಲವೋ, ನನಗೆ ಖಾತ್ರಿಯಾಗುತ್ತಿಲ್ಲ.