ಅಜ್ಜಿ ಏನು ಮಾಡಿದಳೆಂದು ತಿಳಿಸತಕ್ಕದ್ದು

ನನ್ನ ಕಂಪ್ಯೂಟರನ್ನು ನಡೆಸುವ ಕಂಪನಿಯ ಅಕ್ಷರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಹೊಸ ವ್ಯವಸ್ಥೆ ತೀರಿಹೋದ ನನ್ನ ಹೆಂಡತಿಯ ಒಂದು ವಾಕ್ಯವನ್ನು ಅರ್ಧ ನುಂಗಿ ಕೂತಿದೆ. ದಯವಿಟ್ಟು ಉಗುಳಿಸಿ. ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದಿದ್ದೆ. ಕಾಲೇಜಿನಲ್ಲಿ ಕಲಿಸಿದಂತೆ 'ಐ ಬೆಗ್ ಟು ಸ್ಟೇಟ್ ದಟ್' ಎಂದು ಆರಂಭಿಸಿಯೂ ಬಿಟ್ಟೆ; ಆಮೇಲೆ ಏನು ಸ್ಟೇಟ್ ಮಾಡುವುದೆಂದು ಮೇಷ್ಟ್ರು ಹೇಳಿದ್ದು ನೆನಪಾಗಲಿಲ್ಲ. ಆದ್ದರಿಂದ ಕನ್ನಡದಲ್ಲಿ, ಪತ್ರಿಕೆಯ ಮೂಲಕ. ನಿಮಗಿದು ಬರೀ ಖಾಲಿ ಚೌಕಗಳಾಗಿ ಕಂಡರೆ ನನ್ನ ಕಷ್ಟ ಆಗಲೇ ಅರ್ಧ ಅರ್ಥವಾಯಿತೆಂದು ತಿಳಿಯಿರಿ.

ನನ್ನ ಹೆಂಡತಿ ಲೋಲಾಕ್ಷಿ ದುಬೈಯ ಅಲ್ ಕುಸೈಸಿನ ನಮ್ಮ ಫ್ಲಾಟಿನ ಹಾಲಿನಲ್ಲಿ ಹದಿನೆಂಟು ವರ್ಷ, ಪ್ರತಿ ರಜೆಯ ದಿನ, ಮಕ್ಕಳಿಗೆ ಕನ್ನಡ ಕಲಿಸಿದಳು. ಪಾಠಗಳನ್ನು ತಾನೇ ಕಟ್ಟಿ ಹಳೇ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಆಗಿನ ಕನ್ನಡ ಅಕ್ಷರಗಳು ಒಳಗಿಂದ ಇಂಗ್ಲಿಷಿನವೇ; ಮೇಲೆ ಕನ್ನಡದ ವೇಷ ಕಟ್ಟಿ ಕುಣಿಯುತ್ತಿದ್ದವು. ಹೊಸ ಕಂಪ್ಯೂಟರಿನಲ್ಲಿ ಆ ವೇಷವೇ ಇಲ್ಲ! ಅವಳು ಹೋಗಿ ಎರಡು ವರ್ಷದ ಮೇಲೆ ಕೊನೆಯ ಪಾಠವನ್ನು ತೆರೆದರೆ ಟೋಪಿ ಇಟ್ಟ ಎ, ಬಾಲ ಬಂದ ಸಿ. ಗ್ರೀಕ್ ಇರಬೇಕೆಂದು ಮೊದಲ ಹಾಳೆಯನ್ನಷ್ಟೇ ಪ್ರಿಂಟ್ ತೆಗೆದು, ಕೆಳಗಿನ ಫ್ಲಾಟಿನಲ್ಲಿರುವ ಗ್ರೀಕ್ ಹಡಗು ಎಂಜಿನಿಯರರ ಬಾಗಿಲು ತಟ್ಟಿದೆ. ಅವರು ಕನ್ನಡಕ ಏರಿಸಿ ನೋಡಿ, "ಮಾಫಿ ಗ್ರೀಕ್, ಹಬೀಬಿ! ಇದು ನಮ್ಮದಲ್ಲವೇ ಅಲ್ಲ!" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ತಮ್ಮ ಅಮ್ಮನ ಹಳೇ ಮೇಲ್ ತೋರಿಸಿದರು. ಅಲ್ಲೂ ಅದೇ ಟೋಪಿ, ಅದೇ ಬಾಲ! ಇಬ್ಬರೂ ಕಾಫಿ ಕುಡಿದು, ನಿಮ್ಮನ್ನು ಎರಡು ಭಾಷೆಗಳಲ್ಲಿ ಬೈದೆವು. ಗ್ರೀಕ್ ಬೈಗುಳ ಕೇಳಲು ಬಹಳ ಇಂಪಾಗಿದೆ, ಗಮನಕ್ಕಿರಲಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಪಾಠವನ್ನು ಮುಚ್ಚುವಾಗ ನಿಮ್ಮ ವ್ಯವಸ್ಥೆ ಇಂಗ್ಲಿಷಿನಲ್ಲಿ ಉದ್ದನೆಯ ಪ್ರಶ್ನೆಯೊಂದನ್ನು ಕೇಳಿತು. ನಾನು ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಇಂಗ್ಲಿಷಿನಲ್ಲಿ ಏನೇ ಕೇಳಿದರೂ ಮೊದಲು ಯೆಸ್, ಅರ್ಥ ಆಮೇಲೆ: ಇದು ಇಲ್ಲಿ ನಮ್ಮ ಇಡೀ ತಲೆಮಾರಿನ ಪದ್ಧತಿ. ಒತ್ತಿದೆ. 'ಕೆಲವು ಅಕ್ಷರಗಳು ಕಳೆದುಹೋಗುತ್ತವೆ, ಪರವಾಗಿಲ್ಲವೇ?' ಎಂದು ಕೇಳಿತ್ತಂತೆ ಅದು! ಮರುದಿನ ನೋಡಿದರೆ ಅಲ್ಲಲ್ಲಿ ಖಾಲಿ ಚೌಕ.

"ವೈ ಡಿಡ್ ಯು ಪ್ರೆಸ್ ಯೆಸ್, ಅಜ್ಜಾ?" ಎಂದಳು ಹತ್ತು ವರ್ಷದ ಮೊಮ್ಮಗಳು ಅಶ್ಮಿತಾ.

"ಅದು ಮರ್ಯಾದೆಯಲ್ಲಿ ಕೇಳಿತಲ್ಲ ಮಗಾ."

ಮಗ ಸುಮಿತ್ ಹಳೇ ಅಕ್ಷರವನ್ನು ಹೊಸದಕ್ಕೆ ತಿರುಗಿಸುವ ಏನನ್ನೋ ಹಾಕಿ ನೋಡಿದ. ಚೌಕ ಎದುರಾದ ಕೂಡಲೇ ಅದೂ ಖಲಾಸ್. ಕೊನೆಗೆ ಲೋಲಾಕ್ಷಿ ಹಿಂದೆಯೇ ಪ್ರಿಂಟ್ ತೆಗೆದಿಟ್ಟ ಮೊದಲ ಪಾಠವನ್ನು ತೆರೆಯ ಮೇಲಿನ ಅದೇ ಪಾಠದ ಪಕ್ಕದಲ್ಲಿಟ್ಟುಕೊಂಡು, ಯಾವ ಟೋಪಿಯಡಿ ಯಾವ ಕನ್ನಡ ಅಕ್ಷರವಿದೆಯೆಂದು ಅಜ್ಜ, ಮೊಮ್ಮಗಳು ಮೂರು ವಾರ ಹುಡುಕಿದೆವು. ಸಿಕ್ಕಿತು ಸ್ವಾಮೀ, ಕೊನೆಯ ಹಾಳೆಯಲ್ಲಿ ಸಿಕ್ಕಿತು: 'ಅಜ್ಜ ಕದ್ದು ಲಡ್ಡು ತಿಂದ. ಅಜ್ಜಿ'. ಅಷ್ಟೇ. ಮುಂದೆ ನಾಲ್ಕು ಚೌಕ.

ನನಗೆ ಸಕ್ಕರೆ ಕಾಯಿಲೆ. ಅಕ್ಕಿ ಡಬ್ಬದ ಹಿಂದಿನ ಲಡ್ಡು ಯಾರಿಗೂ ಗೊತ್ತಿಲ್ಲವೆಂದು ಹತ್ತು ವರ್ಷ ನಂಬಿದ್ದೆ. ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಿದ್ದು, ಅಲ್ ಕುಸೈಸಿನ ಮಕ್ಕಳೆಲ್ಲ ಓದಲಿ ಎಂದು ನನ್ನನ್ನು ಪಾಠಕ್ಕೆ ಹಾಕಿದ್ದಾಳೆ! ನಗುತ್ತಾ ಕುರ್ಚಿಯಿಂದ ಜಾರಿದೆ. ಆಮೇಲೆ ನಗು ನಿಂತಿತು. ಅಜ್ಜಿ ಏನು ಮಾಡಿದಳು?

"ಅಜ್ಜಿ ನಕ್ಕದ್ದೇ ಅಜ್ಜಾ, ಖಂಡಿತ," ಎಂದಳು ಅಶ್ಮಿತಾ. ಕನ್ನಡದಲ್ಲಿ! ಮೂರು ವಾರದ ಸಂಪಾದನೆ.

"ಅತ್ತದ್ದಾದರೆ?"

ಅವಳು ಅಕ್ಕಿ ಡಬ್ಬದತ್ತ ನೋಡಿದಳು. "ಹಾಗಾದ್ರೆ ನೀವು ಇನ್ನು ತಿನ್ನುವ ಹಾಗಿಲ್ಲ."

ಆದಕಾರಣ ಮಾನ್ಯರೇ, ಕನ್ನಡವೋ ಗ್ರೀಕೋ, ಹಳೇ ಅಕ್ಷರಗಳನ್ನು ಇದ್ದಂತೆಯೇ ತೆರೆಯುವ ವ್ಯವಸ್ಥೆ ಮಾಡಿ. ಅಳಿಸುವ ಮುಂಚೆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ ಕೇಳಿ. ಆ ನಾಲ್ಕು ಚೌಕಗಳಲ್ಲಿ ಏನಿತ್ತೆಂದು ಯಾರಿಂದಾದರೂ ತೆಗೆಸಿ ತಿಳಿಸಿ. ಸ್ವಲ್ಪ ಬೇಗ, ಕೃಷ್ಣಾಷ್ಟಮಿ ಹತ್ತಿರ ಬಂತು, ಸುಮಿತ್ ಮನೆಗೆ ಲಡ್ಡು ತಂದಾಗಿದೆ, ಅಶ್ಮಿತಾ ಅಕ್ಕಿ ಡಬ್ಬದ ಪಕ್ಕವೇ ಕೂತು ಓದುತ್ತಿದ್ದಾಳೆ.

ಇಂತಿ, ತೀರ್ಪು ಬರುವವರೆಗೆ ಲಡ್ಡಿನ ಒಂದು ಕಾಳನ್ನೂ ಮುಟ್ಟದ ಆರೋಪಿ,
ಧರ್ಮಪಾಲ
ಅಲ್ ಕುಸೈಸ್, ದುಬೈ