ಎರಡೇ ಸಾಲಿನ ಪಟ್ಟಿ

ಕಪ್ಪತಗುಡ್ಡದ ತಪ್ಪಲು
ಫೆಬ್ರವರಿ 30, 2291

ವಿಶಾಖಾ ಅವರಿಗೆ,

ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಿಮ್ಮ ಕಾಲದ ಯಾವುದೋ ಕ್ಯಾಲೆಂಡರ್ ಕೋಡಿನ ತುಣುಕಿನಲ್ಲಿ ಫೆಬ್ರವರಿಗೆ ಮೂವತ್ತು ಚೌಕಗಳಿದ್ದವು. ಅದನ್ನು ಬಳಸಿದ ಕಂಪ್ಯೂಟರ್ ಪರದೆಗಳನ್ನೆಲ್ಲ ತಿದ್ದುವುದಕ್ಕಿಂತ ವರ್ಷಕ್ಕೇ ದಿನ ಸೇರಿಸುವುದು ಸುಲಭವೆಂದು ನಮ್ಮ ಹಿರಿಯರು ತೀರ್ಮಾನಿಸಿದರು. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ.

ನೀವು ಪ್ರೋಗ್ರಾಮರುಗಳು ಕೋಡ್ ಲೈಬ್ರರಿ ಎನ್ನುತ್ತಿದ್ದುದನ್ನು ನಾವು ಅಚ್ಚುಮನೆ ಎನ್ನುತ್ತೇವೆ. ನನ್ನ ಕೆಲಸ ಅಲ್ಲಿಯೇ. ಹೆಸರು ಬರೆಯುವ ಚೌಕ, ಒಂದನ್ನು ಆರಿಸುವ ಇಳಿಪಟ್ಟಿ, ‘ಉಳಿಸು’ ಗುಂಡಿ, ಇಂಥ ಹಳೆಯ ಅಚ್ಚುಗಳನ್ನು ತಂದು ಜೋಡಿಸಿ, ಹಿಂಬದಿಯಲ್ಲಿ ಮಾಹಿತಿ ಕೂಡಿಡುವ ದತ್ತಕೋಶಕ್ಕೆ ಕಟ್ಟಿ, ಊರಿಗೆ ಬೇಕಾದ ಪರದೆ ಮಾಡಿಕೊಡುತ್ತೇನೆ. ಹೊಸದಾಗಿ ಅಚ್ಚು ಎರೆದವರನ್ನು ನಾನು ನೋಡಿಲ್ಲ. ಇರುವುದನ್ನು ತಿದ್ದುವಂತೆಯೂ ಇಲ್ಲ. ಒಂದೊಂದರ ಮೇಲೂ ಸಾವಿರಾರು ಪರದೆಗಳು ನಿಂತಿವೆ. ಯಂತ್ರ ಓದದ ಟಿಪ್ಪಣಿಯ ಜಾಗದಲ್ಲಿ ಮಾತ್ರ ಏನಾದರೂ ಬರೆಯಬಹುದು. ಈ ಪತ್ರವನ್ನು ಅಲ್ಲಿ, ನೀವು ಬಿಟ್ಟುಹೋದ ಟಿಪ್ಪಣಿಯ ಕೆಳಗೆ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಒಂದು ಪರದೆ ತುಂಬಬೇಕು. ಅದಕ್ಕೆ ಮನೆಹಾಜರಿ ಎಂದು ಹೆಸರು. ಒಬ್ಬೊಬ್ಬರ ಹೆಸರಿನ ಮುಂದೂ ನೀವು ಮಾಡಿದ ಇಳಿಪಟ್ಟಿ ಇದೆ: ‘ಇದ್ದಾರೆ’, ‘ತೀರಿಕೊಂಡಿದ್ದಾರೆ’. ಮೊದಲನೆಯದನ್ನು ಆರಿಸಿದರೆ ಆ ವ್ಯಕ್ತಿಯೇ ಬಂದು ಗಾಜಿನ ಮೇಲೆ ಅಂಗೈ ಇಡಬೇಕು. ಎರಡನೆಯದಕ್ಕೆ ಏನೂ ಬೇಡ. ಆದರೆ ಒತ್ತಿದ ಮೇಲೆ ಹಿಂದೆಗೆಯಲಾಗುವುದಿಲ್ಲ; ಆ ವ್ಯಕ್ತಿಯ ಅಂಗೈಗೆ ಮತ್ತೆ ಯಾವ ಬಾಗಿಲೂ ತೆರೆಯುವುದಿಲ್ಲ, ಸ್ವಂತ ಮನೆಯದೂ. ಖಾಲಿ ಬಿಟ್ಟರೆ ‘ಉಳಿಸು’ ಗುಂಡಿ ಕೆಲಸ ಮಾಡುವುದಿಲ್ಲ.

ನನ್ನ ಗಂಡ ಚೆನ್ನಮಲ್ಲ ಗಾಳಿಯಂತ್ರದ ರೆಕ್ಕೆ ರಿಪೇರಿಗೆಂದು ಗುಡ್ಡ ಹತ್ತಿ ಹತ್ತು ತಿಂಗಳಾಯಿತು. ಇಳಿದಿಲ್ಲ. ಹುಡುಕಿದರು. ಒಂದು ಕೈಗವಸು ಸಿಕ್ಕಿತು. ಅವನದೋ ಅಲ್ಲವೋ ನಾನು ಹೇಳಲಾರೆ. ಹನ್ನೆರಡು ವರ್ಷದ ಮಗಳು ನೀಲವ್ವನನ್ನು ಗದಗಿನ ಶಾಲೆಗೆ ಸೇರಿಸುವ ಸಾಲೂ ಅದೇ ಪರದೆಯಲ್ಲಿದೆ. ಇವತ್ತು ಕೊನೆಯ ದಿನ. ಹಾಜರಿ ಕಟ್ಟೆಯ ಗುಮಾಸ್ತ ದ್ಯಾಮಣ್ಣ ಮೂರು ಸಲ ನನ್ನನ್ನು ಸಾಲಿನ ಕೊನೆಗೆ ಕಳಿಸಿ, ಯೋಚಿಸಲು ಸಮಯ ಕೊಟ್ಟ. ನಾಲ್ಕನೆಯ ಸಲ ದನಿ ತಗ್ಗಿಸಿ ಹೇಳಿದ:

“ಅಕ್ಕಾರ, ಯಾವದರ ಒಂದು ಒತ್ತಿಬಿಡ್ರಿ. ಪಟ್ಟ್ಯಾಗ ಇಲ್ಲದ್ದು ನಾ ಎಲ್ಲಿಂದ ತರ್ಲಿ?”

ಕೆಲಸದ ಜಾಗಕ್ಕೆ ಬಂದು, ನೀಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಇಳಿಪಟ್ಟಿಯ ಅಚ್ಚನ್ನು ತೆರೆದು ಓದಿದೆ. ಒಳಗೆ ನಿಮ್ಮ ಟಿಪ್ಪಣಿ ಇತ್ತು: “ಸದ್ಯಕ್ಕೆ ಎರಡು ಸಾಕು. ‘ಗೊತ್ತಿಲ್ಲ’ ಆಮೇಲೆ ಸೇರಿಸಬೇಕು. ವಿಶಾಖಾ.” ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಊಟದ ಹೊತ್ತಾಗಿರಬಹುದು, ಯಾರೋ ಕರೆದಿರಬಹುದು. ನಾನೂ ಅಂಥ ಸಾಲುಗಳನ್ನು ಬರೆದಿದ್ದೇನೆ.

ಕೇಳುವುದು ಇಷ್ಟೆ. ಕುರ್ಚಿಯಿಂದ ಏಳುವ ಮೊದಲು ಆ ಮೂರನೆಯ ಸಾಲನ್ನು ಸೇರಿಸಿ. ದತ್ತಕೋಶದಲ್ಲಿ ಅದಕ್ಕೊಂದು ಜಾಗ ಬಿಡಿ.

ಇಷ್ಟು ಬರೆಯುವಾಗ ನೀಲವ್ವ ನನ್ನ ಭುಜದ ಮೇಲಿಂದ ಓದುತ್ತಿದ್ದಳು.

“ಅವ್ವಾ, ಅವರಿಗೆ ಇದು ಮುಟ್ಟಿದ್ದರ, ಆ ಸಾಲು ಈಗ ಇರತಿತ್ತಲ್ಲ?”

ಪರದೆ ತೆರೆದು ನೋಡಿದೆ. ಎರಡೇ ಇದ್ದವು. ಹೌದು ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ. ನಾವು ಎರಡನೆಯದನ್ನು ಒತ್ತಲು ಹೋಗುತ್ತಿದ್ದೇವೆ.

ಹಂಪವ್ವ