ಖಾಲಿ ಕಳಿಸಬಾರದೆಂದು ತುಂಬಿ ಕಳಿಸಿದ ಚೀಲ

ಅಸಲಿತನ ದೃಢೀಕರಣ ವಿಭಾಗದ ಮುಖ್ಯಸ್ಥರಿಗೆ,
ಬಳಸಿದ ಐಷಾರಾಮಿ ವಸ್ತುಗಳ ಆನ್‌ಲೈನ್ ಮಳಿಗೆ.

ಮಾನ್ಯರೇ,

ನೀವು ಕೊಟ್ಟ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ. ಚೀಲ ಅಸಲಿ ಎಂದಿರಿ. ನಮ್ಮ ಪರಿಣತರು ಒಂದೊಂದು ಹೊಲಿಗೆಯನ್ನೂ ನೋಡಿದ್ದಾರೆ ಎಂದಿರಿ. ನಕಲಿ ಎಂದು ಯಾವತ್ತು ಗೊತ್ತಾದರೂ ಮರುಮಾತಿಲ್ಲದೆ ವಾಪಸು ಪಡೆಯುತ್ತೇವೆ ಎಂದಿರಿ. ದೂರು ಕೇಳಲು ಮನುಷ್ಯರೇ ಇರುತ್ತಾರೆ ಎಂದಿರಿ. ಈಗ ಚೀಲ ಅಸಲಿಯಲ್ಲ. ಪರಿಣತರು ಯಾರೆಂದು ಕೇಳಿದರೆ ಗೌಪ್ಯ. ವಾಪಸಾತಿ ತಿರಸ್ಕೃತ. ಮನುಷ್ಯರು ಯಾರೂ ಸಿಗಲಿಲ್ಲ. ಸಿಕ್ಕಿದ್ದು, ಕಾನಸೂರಿನ ದಿವ್ಯಾ ವಂಚಕಿ ಎಂಬ ನಿಮ್ಮ ಷರಾ.

ದಿವ್ಯಾ ಮದುವೆಯ ರವಿಕೆಗಳಿಗೆ ಕಸೂತಿ ಹಾಕಿ ಬದುಕುವವಳು. ಶಿರಸಿಯ ಕಾಲೇಜಿನಲ್ಲಿ ಅವಳ ಪಕ್ಕ ಕೂತು ಓದಿದವಳು ಸಮೃದ್ಧಿ. ಒಬ್ಬಳದು ಗದ್ದೆ ಮಾಡುವವರ ಮನೆ, ಇನ್ನೊಬ್ಬಳದು ತೋಟದ ಭಟ್ಟರ ಮನೆ. ಆ ಎರಡು ಮನೆಗಳ ನಡುವಿನ ದೂರ ನಿಮ್ಮ ನಕಾಶೆಯಲ್ಲಿ ಕಾಣುವುದಿಲ್ಲ. ನನ್ನಂಥವರು ಮೈಕು ಹಿಡಿದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರೂ ಕಡಿಮೆಯಾಗದ ದೂರ ಅದು. ಈ ಹುಡುಗಿಯರು ಒಂದೇ ಡಬ್ಬಿಯಲ್ಲಿ ಉಂಡು ಸದ್ದಿಲ್ಲದೆ ದಾಟಿದ್ದರು. ಸಮೃದ್ಧಿಗೆ ಯಲ್ಲಾಪುರದ ಕಡೆ ಮದುವೆ ನಿಶ್ಚಯವಾದಾಗ, ಅವಳಿಗೆ ಉಡುಗೊರೆ ಕೊಡಲೆಂದು ದಿವ್ಯಾ ನಿಮ್ಮಲ್ಲಿ ಒಂದು ವಿದೇಶಿ ಹ್ಯಾಂಡ್‌ಬ್ಯಾಗು ಕೊಂಡಳು.

"ಅಷ್ಟು ದೊಡ್ಡ ಹೆಸರಿನ ಚೀಲ ಯಾಕೆ ಬೇಕಿತ್ತೇ ನಿಂಗೆ?" ಎಂದು ನಾನು ಗದರಿದ್ದೆ.

"ಯಾಕೆ ಪರಿಮಳಕ್ಕಾ, ಚೆಂದದ್ದೆಲ್ಲ ಬೇರೆಯೋರಿಗೇ ಇರ್ಬೇಕಾ? ನೀವು ಭಾಷಣದಾಗೆ ಹೇಳೋದು ಮತ್ತೆಂತ?" ಎಂದಳು.

ಹೊಸದು ಅವಳಿಗೆ ಎಟುಕದು. ಹಾಗಾಗಿ ಯಾರೋ ಬಳಸಿದ್ದು, ಆದರೆ ಅಸಲಿ. ಬರೀ ಹೊಳಪು ಸಾಕಿದ್ದರೆ ಶಿರಸಿಯ ಸಂತೆಯಲ್ಲೇ ಅಂಥ ಚೀಲಗಳು ರಾಶಿ ಬಿದ್ದಿರುತ್ತವೆ. ಸಂತೆಯವನು ಅಸಲಿ ಎಂದು ಆಣೆ ಇಡುವುದಿಲ್ಲ. ಅಷ್ಟು ಮರ್ಯಾದೆ ಅವನಿಗಿದೆ.

ಮದುವೆಯಾದ ಮೇಲೆ ಸಮೃದ್ಧಿ ಅತ್ತೆಯ ಜೊತೆ ಹುಬ್ಬಳ್ಳಿಗೆ ಹೋದವಳು, ಸಡಿಲಾದ ಕೊಂಡಿ ಸರಿಮಾಡಿಸಲು ಚೀಲವನ್ನು ಅದೇ ಹೆಸರಿನ ಮಾಲು ಮಾರುವ ಅಂಗಡಿಗೆ ಒಯ್ದಳು. ಅಂಗಡಿಯವನು ಒಳಗಿನ ಅಸ್ತರು ಮಗುಚಿ ನೋಡಿದ. "ಇದು ಕಂಪನಿ ಮಾಲ್ ಅಲ್ರಿ ಅಕ್ಕಾರ, ಡೂಪ್ಲಿಕೇಟ್ ಐತಿ. ಯಾರ ಕೊಟ್ಟಾರ್ರಿ ನಿಮಗ?"

ಉತ್ತರ ಕೊಟ್ಟದ್ದು ಅತ್ತೆ. "ಇವಳ ಗೆಳತಿ. ಅವ್ರು ಇನ್ನೆಂತ ಕೊಡ್ತ."

ಆ 'ಅವ್ರು' ಎಂಬುದರ ಒಳಗೆ ಏನೇನಿತ್ತೆಂದು ನಿಮಗೆ ಬಿಡಿಸಿ ಹೇಳಬೇಕೇ? ನಿಮ್ಮ ಗೋದಾಮಿನಲ್ಲಿ ಯಾರೋ ನೋಡದೆ ಒತ್ತಿದ ಒಂದು ಮುದ್ರೆ, ಇಲ್ಲಿ ಒಂದು ಜಾತಿಯ ಯೋಗ್ಯತೆಯ ಮೇಲೆ ಬಂದು ಬಿತ್ತು.

ಸಮೃದ್ಧಿ ಚೀಲವನ್ನು ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಕೊಟ್ಟು ದಿವ್ಯಾಳಿಗೆ ಹಿಂದಕ್ಕೆ ಕಳಿಸಿದಳು. ಆಮೇಲೆ ಒಮ್ಮೆ ಮಾತ್ರ ಫೋನು ಮಾಡಿದಳು. ನೋವಾದಾಗ ಅವಳಿಗೆ ಮನೆಮಾತೇ ಬರುತ್ತದೆ. "ಆನು ಚೀಲ ಕೇಳಿದ್ನಿಲ್ಲೆ. ಬಟ್ಟೆ ಚೀಲ ಕೊಟ್ಟಿದ್ರೂ ಆನು ಹೆಗಲಿಗೆ ಹಾಕ್ಯಂಡು ಹೋಗ್ತಿದ್ದಿ. ಅಸಲಿ ಹೇಳಿ ಎಂತಕ್ಕೆ ಹೇಳಿದೆ?" ಅಸಲಿ ಎಂದು ಯಾಕೆ ಹೇಳಿದೆ ಎಂಬುದಕ್ಕೆ ದಿವ್ಯಾ ಉತ್ತರಿಸುವ ಮೊದಲೇ ಫೋನು ಇಟ್ಟಳು. ಮತ್ತೆ ಎತ್ತಿಲ್ಲ.

ಇನ್ನು ನಿಮ್ಮ ತೀರ್ಪಿನ ವಿಚಾರ. ನಿಮ್ಮ ಮಾತನ್ನು ಇನ್ನೂ ನಂಬಿದ್ದ ದಿವ್ಯಾ ಚೀಲವನ್ನು ನಿಮಗೆ ವಾಪಸು ಕಳಿಸಲು ಕಟ್ಟುತ್ತಿದ್ದಳು. ಅವಳ ತಾಯಿ ದೇವಿ ಬಂದು, ಚೀಲದೊಳಗೆ ಒಂದು ತೆಂಗಿನಕಾಯಿ, ಹಿಡಿ ಅಕ್ಕಿ, ಬೆಲ್ಲದ ಉಂಡೆ ಇಟ್ಟಳು. ನಮ್ಮ ಕಡೆ ಬೇರೆಯವರ ಪಾತ್ರೆ, ಬುಟ್ಟಿ, ಚೀಲ ಯಾವುದನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಜಗಳವಾಡಿ ಮಾತು ಬಿಟ್ಟ ಮನೆಗೂ ಇಲ್ಲ.

"ಎಂತ ಮಾಡ್ತಿದ್ದಿಯೇ ಅಮ್ಮ? ಮೋಸದ ಚೀಲ ಅದು."

"ಮೋಸ ಮಾಡಿದ್ದು ಅವ್ರು. ಖಾಲಿ ಚೀಲ ಕಳ್ಸಿದ್ರೆ ತಪ್ಪು ನಮ್ದಾಗ್ತದೆ. ಸುಮ್ನೆ ಕಟ್ಟು ನೀನು."

ನಿಮ್ಮ ಉತ್ತರ ಬಂತು. ಕಳಿಸಿದ ಚೀಲದ ತೂಕಕ್ಕೂ ಹಿಂದೆ ಬಂದ ಚೀಲದ ತೂಕಕ್ಕೂ ತಾಳೆಯಾಗಿಲ್ಲ. ಒಳಗೆ 'ಅನ್ಯ ಪದಾರ್ಥ' ಇದೆ. ಬಂದಿರುವ ಚೀಲ ನಕಲಿ; ಆದ್ದರಿಂದ ಗ್ರಾಹಕರು ಅಸಲಿಯನ್ನು ಇಟ್ಟುಕೊಂಡು ನಕಲಿ ಕಳಿಸಿದ್ದಾರೆ. ಖಾತೆ ರದ್ದು. ಚೀಲ ಜಪ್ತಿ.

ಭೇಷ್. ಅಂದರೆ ಚೀಲ ನಕಲಿ ಎಂಬುದನ್ನು ಕೊನೆಗೂ ನೀವೇ ಒಪ್ಪಿದಿರಿ. ನಿಮ್ಮಿಂದ ಹೊರಡುವಾಗ ಅಸಲಿಯಾಗಿದ್ದದ್ದು ಕಾನಸೂರಿನ ಗಾಳಿ ತಾಗಿ ನಕಲಿಯಾಯಿತೇ? ಚರ್ಮದ ವಯಸ್ಸನ್ನೇ ಓದಬಲ್ಲ ನಿಮ್ಮ ಪರಿಣತರಿಗೆ ತೆಂಗಿನಕಾಯಿಗೂ ತೂಕವಿರುತ್ತದೆಂದು ತಿಳಿಯಲಿಲ್ಲವೇ? ಕದಿಯುವವಳು ಕದ್ದ ಮನೆಗೆ ಬೆಲ್ಲ ಇಟ್ಟು ಕಳಿಸುತ್ತಾಳೆಯೇ? ಚೀಲವೂ ನಿಮ್ಮಲ್ಲಿ, ತಕ್ಕಡಿಯೂ ನಿಮ್ಮಲ್ಲಿ, ನ್ಯಾಯಪೀಠವೂ ನಿಮ್ಮಲ್ಲಿ. ನಮ್ಮಲ್ಲಿ ಉಳಿದದ್ದು ದೇವಿಯ ಒಂದೇ ಪ್ರಶ್ನೆ. "ನಾನು ಅಕ್ಕಿ ಇಡ್ದೇ ಹೋಗಿದ್ರೆ ಮಗಳು ಕಳ್ಳಿ ಆಗ್ತಿರ್ಲಿಲ್ವಾ?" ಸಂಜೆ ಹೊತ್ತು ಒಲೆಯ ಮುಂದೆ ಕೂತು ಅದನ್ನೇ ಕೇಳುತ್ತಾಳೆ. ಎಷ್ಟೋ ಕಚೇರಿಗಳ ಮುಂದೆ ಧರಣಿ ಕೂತ ನನಗೆ, ಆ ಒಲೆಯ ಮುಂದೆ ಕೂರಲು ಧೈರ್ಯವಾಗುತ್ತಿಲ್ಲ.

ಹಣ ನಿಮ್ಮಲ್ಲೇ ಇರಲಿ. ಚೀಲವೂ ಬೇಡ, ಇನ್ನೊಬ್ಬಳಿಗೆ ಅದನ್ನೇ ಅಸಲಿ ಎಂದು ಮಾರಬೇಡಿ, ಅಷ್ಟೇ. ನಮ್ಮ ಬೇಡಿಕೆ ಎರಡು ಸಾಲಿನದು. 'ನಾವು ಕಳಿಸಿದ್ದೇ ನಕಲಿ ಚೀಲ. ದಿವ್ಯಾಗೆ ಇದು ಗೊತ್ತಿರಲಿಲ್ಲ.' ಕನ್ನಡದಲ್ಲಿ ಬರೆದು, ಸಹಿ ಹಾಕಿ ಕಳಿಸಿ. ಯಂತ್ರದ ಸಹಿ ಬೇಡ, ಹೆಸರಿರುವ ಮನುಷ್ಯರದ್ದು ಬೇಕು. ಆ ಕಾಗದವನ್ನು ನಾನೇ ಯಲ್ಲಾಪುರದ ಬಸ್ಸು ಹತ್ತಿ ಸಮೃದ್ಧಿಯ ಕೈಗೆ, ಅವಳ ಅತ್ತೆಯ ಎದುರಿಗೇ ಕೊಡುತ್ತೇನೆ. ಅದರಿಂದ ಹಳೆಯ ಸ್ನೇಹ ಮರಳುತ್ತದೆಯೋ ಇಲ್ಲವೋ ನಾನರಿಯೆ. ಮುರಿದದ್ದು ದಿವ್ಯಾಳ ಕೈಯಿಂದಲ್ಲ ಎಂದಾದರೂ ಅಲ್ಲಿ ತಿಳಿಯಲಿ.

ನಿಮ್ಮಂಥ ಮಳಿಗೆಗಳ ಮುದ್ರೆ ನಂಬಿ ಬೆಪ್ಪಾದವರು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಇನ್ನೂ ಇದ್ದಾರೆ. ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ, ಈಗ ನಾವು ಕರೆದ ಸಭೆಗೆ ಬರುತ್ತೇವೆ ಎಂದಿದ್ದಾರೆ. ಸಮೃದ್ಧಿಗೂ ಹೇಳಿ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಆದರೂ ಅವಳಿಗೊಂದು ಕುರ್ಚಿ ಇಡುತ್ತೇನೆ ಎಂದಿದ್ದಾಳೆ ದಿವ್ಯಾ. ನಿಮಗೂ ಒಂದು ಇರುತ್ತದೆ. ನೀವು ಬರಿಗೈಯಲ್ಲಿ ಬಂದರೂ ದೇವಿ ನಿಮ್ಮನ್ನು ಬರಿಗೈಯಲ್ಲಿ ಕಳಿಸುವವಳಲ್ಲ. ಜಾಗ, ಕಾನಸೂರಿನ ದಿವ್ಯಾಳ ಮನೆಯ ಅಂಗಳ. ಬರುವ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ.

ಇಂತಿ,
ಸರ್ಕಾರಗಳ ಸುಳ್ಳನ್ನು ದೂರದಿಂದಲೇ ಗುರುತಿಸುತ್ತಿದ್ದವಳು, ಕೈಯಲ್ಲಿ ಹಿಡಿದ ಚೀಲದ ಸುಳ್ಳನ್ನು ಕಾಣದೆ ಹೋದವಳು,
ಪರಿಮಳಾ
ಸಿದ್ದಾಪುರ